ಮೇಪಲ್ಲೋ ಬೀಟೆಯೋ

ಬೇಗ ತೀರ್ಮಾನ ತೆಗೆದುಕೊಳ್ಳಲಾರದ ಜನರನ್ನು ಕಂಡರೆ ನನಗೆ ಮೊದಲಿನಿಂದಲೂ ಆಗದು. ಹೋಟೆಲಿನಲ್ಲಿ ಮಾಣಿ ಬಂದು ಎದುರಿಗೆ ನಿಂತಿರುವಾಗ ಗೋಡೆಯ ಮೇಲಿನ ಪಟ್ಟಿಯನ್ನು ಮೇಲಿಂದ ಕೆಳಗೆ, ಕೆಳಗಿಂದ ಮೇಲೆ ಓದಿ ಕೊನೆಗೆ ಎರಡು ಇಡ್ಲಿ ಎನ್ನುವವರು, ಚಪ್ಪಲಿ ಅಂಗಡಿಯಲ್ಲಿ ಎಡಗಾಲಿಗೊಂದು ಬಲಗಾಲಿಗೊಂದು ಬೇರೆ ಬೇರೆ ಜೋಡಿ ಹಾಕಿಕೊಂಡು ಅರ್ಧ ಗಂಟೆ ಅಡ್ಡಾಡುವವರು, ಇವರೆಲ್ಲ ಚಿಕ್ಕ ವಯಸ್ಸಿನಲ್ಲಿ ಯಾರಿಂದಲೂ ಸರಿಯಾಗಿ ಬೈಸಿಕೊಳ್ಳದೆ ಬೆಳೆದವರು ಎಂಬುದು ನನ್ನ ಅಭಿಪ್ರಾಯವಾಗಿತ್ತು. ನಾನು ಚೆನ್ನಾಗಿ ಬೈಸಿಕೊಂಡು ಬೆಳೆದವನು. ಬೆಳಿಗ್ಗೆ ನಾಲ್ಕೂ ಮುಕ್ಕಾಲಿಗೆ ಏಳುತ್ತೇನೆ. ಐದಕ್ಕೆ ಕಾಫಿ, ಐದೂ ಕಾಲಿಗೆ ಸ್ನಾನ. ಅಡುಗೆಮನೆಯ ಡಬ್ಬಿಗಳ ಮೇಲೆ ಅವನ್ನು ತುಂಬಿದ ದಿನವನ್ನು ಸೀಮೆಸುಣ್ಣದಲ್ಲಿ ಬರೆದಿಡುತ್ತೇನೆ. ಇಂಥ ನಾನು ಬೇಸ್ ಗಿಟಾರಿನ ಎರಡು ಮರದ ಪಟ್ಟಿಗಳಲ್ಲಿ ಯಾವುದು ಬೇಕು ಎಂದು ಹೇಳಲಾರದೆ ಮೂರು ಶನಿವಾರ ಅಂಗಡಿಯಲ್ಲಿ ಕುಳಿತೆ ಎಂಬುದನ್ನು ಒಪ್ಪಿಕೊಳ್ಳಬೇಕಾಗಿದೆ. ಮರವೂ ಎಷ್ಟು? ಎರಡು ಅಡಿ ಉದ್ದ, ಮೂರು ಬೆರಳು ಅಗಲ, ಒಂದು ಬಿಸ್ಕತ್ತಿನಷ್ಟು ದಪ್ಪ.

ಮರದ ವಿಷಯದಲ್ಲಿ ಏನೂ ತಿಳಿಯದವನಾಗಿದ್ದರೆ ಇಷ್ಟು ನಾಚಿಕೆಯಾಗುತ್ತಿರಲಿಲ್ಲ. ಮದರಾಸಿನ ಪೆರಂಬೂರಿನಲ್ಲಿ ರೈಲುಬೋಗಿಗಳಿಗೆ ಮರ ಬಂದು ಇಳಿಯುವ ಅಂಗಳದಲ್ಲಿ ಮೂವತ್ತನಾಲ್ಕು ವರ್ಷ ನಾನು ಪರೀಕ್ಷಕನಾಗಿದ್ದೆ. ಲಾರಿಯಿಂದ ಇಳಿದ ಹಲಗೆಗಳನ್ನು ಒಂದೊಂದಾಗಿ ತಟ್ಟಿ, ಮೂಸಿ, ಅಂಚಿಗೆ ಕಣ್ಣಿಟ್ಟು ಬಾಗಿದೆಯೇ ಎಂದು ನೋಡಿ, ಒಳ್ಳೆಯದಕ್ಕೆ ಸೀಮೆಸುಣ್ಣದಲ್ಲಿ ಒಂದು ಗೀಟು, ಕೆಟ್ಟದ್ದಕ್ಕೆ ಒಂದು ಕತ್ತರಿ ಗುರುತು ಹಾಕುವುದು ನನ್ನ ಕೆಲಸ. ಗೀಟು ಹಾಕಿದ್ದಕ್ಕೆ ಯಾರೂ ಯಾವತ್ತೂ ನನ್ನನ್ನು ಹೊಗಳಲಿಲ್ಲ. ಕತ್ತರಿ ಹಾಕಿದ್ದಕ್ಕೆ ಮೂರು ಸಲ ಪ್ರಶಂಸಾಪತ್ರ ಬಂದಿದೆ. ಹೀಗಾಗಿ ಯಾವ ವಸ್ತುವನ್ನು ನೋಡಿದರೂ ಅದರಲ್ಲಿ ಕುಂದು ಹುಡುಕುವ ಗುಣ ನನ್ನ ಕೈಬೆರಳಿಗೇ ಅಂಟಿಕೊಂಡಿತು. ಬರಬರುತ್ತ ಬೋಗಿಗಳೊಳಗೆ ಮರ ಕಡಿಮೆಯಾಗಿ ತಗಡು, ಪ್ಲಾಸ್ಟಿಕ್ಕು ಹೆಚ್ಚಾದವು. ನಾನು ನಿವೃತ್ತನಾದ ಮೇಲೆ ಆ ಜಾಗಕ್ಕೆ ಇನ್ನೊಬ್ಬರನ್ನು ಹಾಕಲೇ ಇಲ್ಲ. ಕುರ್ಚಿ ಮಾತ್ರ ಬಹಳ ದಿನ ಇತ್ತಂತೆ.

ಇಂಥ ಮನುಷ್ಯನಿಗೂ ಬೇಸ್ ಗಿಟಾರಿಗೂ ಏನು ಸಂಬಂಧ ಎಂದು ನೀವು ಕೇಳುತ್ತೀರಿ. ಶಾರದೆಯೂ ಕೇಳಿದ್ದಳು. ಶಾರದೆ ಎಂದರೆ ನನ್ನ ಹೆಂಡತಿ, ತಿರುವಲ್ಲಿಕ್ಕೇಣಿಯಲ್ಲಿ ಮೂರು ತಲೆಮಾರಿನಿಂದ ನೆಲೆಸಿದ್ದ ಕನ್ನಡದ ಮನೆಯವಳು. ನಡೆದದ್ದು ಇಷ್ಟೆ. ಆಗ ಪೆರಂಬೂರಿನ ನೌಕರರ ಕ್ಲಬ್ಬಿನಲ್ಲಿ ಒಂದು ಬ್ಯಾಂಡಿತ್ತು. ಅದರ ಯಜಮಾನ ಡೆಸ್ಮಂಡ್ ಎಂಬ ಎಂಜಿನ್ ಡ್ರೈವರು. ಬೇಸ್ ನುಡಿಸುತ್ತಿದ್ದವನು ವಾರ ಬಿಟ್ಟು ವಾರ ಕೈಕೊಡುತ್ತಿದ್ದುದರಿಂದ ಬೇಸತ್ತಿದ್ದ ಡೆಸ್ಮಂಡ್ ಒಂದು ದಿನ ಅಂಗಳಕ್ಕೇ ಬಂದು, ನಿನಗೆ ಸಂಗೀತ ಬರುತ್ತದೆಯೇ ಎಂದು ಕೇಳಿದ. ಬರುವುದಿಲ್ಲ ಎಂದೆ. ಪರವಾಗಿಲ್ಲ, ಶನಿವಾರ ನಾಲ್ಕು ಗಂಟೆಗೆ ಬರುತ್ತೀಯಾ ಎಂದ. ಬರುತ್ತೇನೆ ಎಂದೆ. ಮೂರೂ ಐವತ್ತೈದಕ್ಕೆ ಹೋದೆ. ಅಷ್ಟೇ ನನ್ನ ಅರ್ಹತೆ. ನಾಲ್ಕು ದಪ್ಪ ತಂತಿಗಳ ಆ ವಾದ್ಯವನ್ನು ಅವನು ನನ್ನ ಹೆಗಲಿಗೆ ಹಾಕಿ, ಡ್ರಮ್ಮಿನವನು ಎಲ್ಲಿ ಹೊಡೆಯುತ್ತಾನೋ ಅಲ್ಲೇ ನೀನೂ ಮೀಟು, ಬೇರೆ ಯಾವುದರ ಮೇಲೂ ಗಮನ ಬೇಡ ಎಂದ. ಹತ್ತೊಂಬತ್ತು ವರ್ಷ ನಾನು ಬೇರೆ ಯಾವುದರ ಮೇಲೂ ಗಮನ ಕೊಡಲಿಲ್ಲ. ಜನ ಕುಣಿಯುತ್ತಿದ್ದರು, ನಾನು ಲೆಕ್ಕ ಹಾಕುತ್ತಿದ್ದೆ. ಶಾರದೆ ಹಿಂದಿನ ಸಾಲಿನಲ್ಲಿ ಕುಳಿತು ಕೇಳುತ್ತಿದ್ದಳು. "ಎಲ್ಲಾರೂ ಹಾಡು ನುಡಿಸ್ತಾರೆ, ನೀವ್ ಮಾತ್ರ ಪಕ್ಕದ ಮನೇಲಿ ಮೊಳೆ ಹೊಡೆದ ಹಾಗೆ ಮಾಡ್ತೀರಲ್ಲ ರೀ" ಎಂದು ದಾರಿಯಲ್ಲಿ ಹೇಳುವಳು. ಆಮೇಲೆ ಸ್ವಲ್ಪ ದೂರ ನಡೆದು, "ಆದ್ರೂ ಮೊಳೆ ಸರಿಯಾಗಿ ಹೊಡೀತೀರಿ" ಎನ್ನುವಳು.

ಡೆಸ್ಮಂಡ್ ಮಗಳಿದ್ದ ಆಸ್ಟ್ರೇಲಿಯಕ್ಕೆ ಹೊರಟುಹೋದ. ಹೋಗುವಾಗ ಬೇಸನ್ನು ನನಗೇ ಬಿಟ್ಟುಹೋದ. ಉಳಿದವರಲ್ಲಿ ಒಬ್ಬೊಬ್ಬರು ಒಂದೊಂದು ಕಡೆ ಹೋದರು, ಇಬ್ಬರು ವಾಪಸು ಬಾರದ ಕಡೆಗೇ ಹೋದರು. ಹೊಸ ಶತಮಾನ ಬಂದ ಮರುವರ್ಷ ಶಾರದೆಯೂ ಹೋದಳು. ನಮಗೆ ಮಕ್ಕಳಿಲ್ಲ. ಅಳುತ್ತ ಕೂರುವ ಜಾಯಮಾನ ನನ್ನದಲ್ಲವಾದ್ದರಿಂದ ಒಂದು ವೇಳಾಪಟ್ಟಿ ಮಾಡಿ ಅಡುಗೆಮನೆಯ ಬಾಗಿಲ ಹಿಂದೆ ಅಂಟಿಸಿದೆ. ಸೋಮವಾರ ಗ್ರಂಥಾಲಯ, ಮಂಗಳವಾರ ಬಟ್ಟೆ ಇಸ್ತ್ರಿ, ಬುಧವಾರ ತರಕಾರಿ, ಹೀಗೆ ಎಲ್ಲ ಮನೆಗಳೂ ತುಂಬಿದವು. ಶನಿವಾರ ನಾಲ್ಕರಿಂದ ಆರರ ಮನೆ ಮಾತ್ರ ಏನು ಬರೆದರೂ ಹೊಂದಲಿಲ್ಲ. ಫ್ಯಾನ್ ಒರೆಸುವುದು ಎಂದು ಬರೆದು ನೋಡಿದೆ. ಎರಡು ಗಂಟೆ ಒರೆಸುವಷ್ಟು ಫ್ಯಾನುಗಳು ಒಬ್ಬನ ಮನೆಯಲ್ಲಿ ಇರುವುದಿಲ್ಲ.

ಅಂಥ ಒಂದು ಶನಿವಾರ, ಆಕೆ ಹೋಗಿ ಎರಡು ವರ್ಷವಾದ ಮೇಲೆ, ಫ್ಯಾನ್ ಒರೆಸಲು ಸ್ಟೂಲು ಹತ್ತಿದವನಿಗೆ ಬೀರುವಿನ ಮೇಲಿಟ್ಟಿದ್ದ ಬೇಸ್ ಕಣ್ಣಿಗೆ ಬಿತ್ತು. ಇಳಿಸಿ, ಚೀಲ ಬಿಚ್ಚಿ, ಕುತ್ತಿಗೆಯ ಅಂಚಿಗೆ ಕಣ್ಣಿಟ್ಟೆ. ಬಿಲ್ಲಿನ ಹಾಗೆ ಬಾಗಿತ್ತು. ಮದರಾಸಿನ ಸಮುದ್ರದ ಗಾಳಿ ಎರಡು ಮಳೆಗಾಲ ಅದನ್ನು ನಿಧಾನವಾಗಿ ತಿರುಚಿತ್ತು. ಸರ್ಕಾರದ ಮರ ಒಂದು ನೂಲು ಬಾಗಿದರೆ ಕತ್ತರಿ ಹಾಕುತ್ತಿದ್ದವನ ಮನೆಯೊಳಗೇ, ಅವನ ತಲೆಯ ಮೇಲೇ, ಒಂದು ಮರ ಇಷ್ಟು ಬಾಗುವವರೆಗೆ ಅವನು ನೋಡಿರಲಿಲ್ಲ. ಸೋಮವಾರದ ಗ್ರಂಥಾಲಯವನ್ನು ರದ್ದು ಮಾಡಿ, ರಿಪೇರಿಯಾಗುತ್ತದೆಯೇ ಎಂದು ಕೇಳಲು ಮೌಂಟ್ ರೋಡಿನ ಕಡೆಯ ಒಂದು ವಾದ್ಯದ ಅಂಗಡಿಗೆ ಹೊರಟೆ.

ಅಂಗಡಿಯವನು ಸಂಪತ್ ಎಂಬ ನಡುವಯಸ್ಸಿನ ತಮಿಳಿನವನು. ಕನ್ನಡಕವನ್ನು ಹಣೆಯ ಮೇಲೇರಿಸಿ ನೋಡಿ, "ಸಾರ್, ಇದಕ್ಕೆ ವೈದ್ಯ ಬೇಡ, ಮಂತ್ರ ಹೇಳಿ ಕಳಿಸೋ ಅಯ್ಯರು ಬೇಕು" ಎಂದು ತಮಿಳಿನಲ್ಲಿ ಹೇಳಿದ. ಹಾಗೆ ಹೇಳಿ ನನ್ನ ಮುಖ ನೋಡಿ, ಹೇಳಬಾರದಿತ್ತೇನೋ ಎಂದುಕೊಂಡು, ಕುಡಿಯಲು ನೀರು ಕೊಟ್ಟ. ನೀರು ಕುಡಿಯುತ್ತಿದ್ದಾಗ ಅವನ ಹಿಂದಿನ ಹಲಗೆಯಲ್ಲಿ ಪಿನ್ನು ಚುಚ್ಚಿದ ಒಂದು ಚೀಟಿ ಕಾಣಿಸಿತು. ಶೋಳಿಂಗನಲ್ಲೂರಿನ ಬ್ಯಾಂಡೊಂದಕ್ಕೆ ಬೇಸ್ ನುಡಿಸುವವರು ಬೇಕು, ಅಭ್ಯಾಸ ಪ್ರತಿ ಶನಿವಾರ ನಾಲ್ಕು ಗಂಟೆಗೆ, ತಪ್ಪದೆ ಬರುವವರಾಗಿರಬೇಕು ಎಂದು ಬರೆದಿತ್ತು. ಕೊನೆಯ ಸಾಲಿನ ಕೆಳಗೆ ಎರಡು ಗೆರೆ ಎಳೆದಿದ್ದರು. ನನ್ನ ಜಾತಕ ನೋಡಿಯೇ ಬರೆದಂತಿತ್ತು. ಫೋನ್ ನಂಬರನ್ನು ಗುರುತು ಹಾಕಿಕೊಂಡು ಬಂದೆ.

ಫೋನ್ ಎತ್ತಿದ್ದು ಒಬ್ಬ ಹುಡುಗಿ. ಇಂಗ್ಲಿಷಿನಲ್ಲಿ ವಿಷಯ ಹೇಳಿದೆ. ನಿಮ್ಮ ಮಗನಿಗೆ ಎಷ್ಟು ವಯಸ್ಸು ಅಂಕಲ್ ಎಂದಳು. ಮಗನಿಲ್ಲ, ನುಡಿಸುವುದು ನಾನೇ ಎಂದೆ. ಫೋನಿಗೆ ಕೈ ಅಡ್ಡ ಹಿಡಿದು ಪಕ್ಕದವನಿಗೆ ಅವಳು ಹೇಳಿದ್ದು ನನಗೆ ಚೆನ್ನಾಗಿಯೇ ಕೇಳಿಸಿತು.

"ಲೋ ಗಿರೀಶ, ಯಾರೋ ತಾತ ಕಣೋ. ಬೇಸ್ ನುಡಿಸ್ತಾರಂತೆ. ಏನ್ ಹೇಳ್ಲಿ?"

"ತಾತ ಅಲ್ಲಮ್ಮ, ಅರವತ್ತನಾಲ್ಕು" ಎಂದು ನಾನು ಕನ್ನಡದಲ್ಲೇ ಹೇಳಿದೆ.

"ಅಯ್ಯೋ ಸಾರಿ ಅಂಕಲ್, ಕನ್ನಡದವ್ರಾ? ಮೊದ್ಲೇ ಹೇಳ್ಬಾರ್ದಾ. ನಾನು ವಿದ್ಯಾ ಅಂತ, ಮೈಸೂರು. ಬೇಸ್ ಇದ್ಯಾ ನಿಮ್ಮತ್ರ?"

"ಇದೆ. ಬಾಗಿದೆ."

"ಏನಾಗಿದೆ?"

"ಬಾಗಿದೆ. ಹೊಸದು ತೊಗೋತೀನಿ."

ಅವರ ಆಫೀಸಿನ ವಾರ್ಷಿಕೋತ್ಸವಕ್ಕೆ ಆರು ವಾರ ಬಾಕಿಯಿತ್ತು. ಅದಕ್ಕೇ ಈ ಬ್ಯಾಂಡು. "ಇವತ್ತಿಂದ ನಾಲ್ಕನೇ ಶನಿವಾರದೊಳಗೆ ಬೇಸ್ ತೊಗೊಂಡು ಬಂದ್ರೆ ಒಂದ್ಸಲ ನುಡಿಸಿ ನೋಡೋಣ ಅಂಕಲ್. ಅದಕ್ಕಿಂತ ಲೇಟಾದ್ರೆ ಕಷ್ಟ. ಕೀಬೋರ್ಡ್ ನುಡಿಸೋನ ಎಡಗೈಲೇ ಮ್ಯಾನೇಜ್ ಮಾಡ್ಬಿಡ್ತೀವಿ" ಎಂದಳು. ಹೀಗೆ ನನಗೂ ನಾನೆಂದೂ ಕಾಣದ ಒಬ್ಬನ ಎಡಗೈಗೂ ಸ್ಪರ್ಧೆ ಗೊತ್ತಾಯಿತು. ಗೆದ್ದರೆ ಶನಿವಾರ ನಾಲ್ಕರಿಂದ ಆರು ನನ್ನದು. ಸೋತರೆ ಮತ್ತೆ ಫ್ಯಾನು.

ಆ ಶನಿವಾರವೇ ಅಂಗಡಿಗೆ ಹೋದೆ. ಸಂಪತ್ ಎರಡು ಬೇಸುಗಳನ್ನು ತಂದು ಗಲ್ಲಾ ಮೇಜಿನ ಮೇಲೆ ಮಲಗಿಸಿದ. ಎರಡಕ್ಕೂ ಒಂದೇ ಒಡಲು, ಒಂದೇ ಬಣ್ಣ, ಒಂದೇ ಬೆಲೆ. ಬೇರೆಯಾಗಿದ್ದುದು ಕುತ್ತಿಗೆಯ ಮೇಲೆ ಅಂಟಿಸಿರುವ, ಬೆರಳುಗಳು ಓಡಾಡುವ ಹಲಗೆ ಮಾತ್ರ. ಒಂದಕ್ಕೆ ಮೇಪಲ್, ಇನ್ನೊಂದಕ್ಕೆ ಬೀಟೆ. ಯಾವುದು ಬೇಕು ಸಾರ್ ಎಂದ. ಯಾವುದು ಒಳ್ಳೆಯದು ಎಂದೆ. "ರೆಂಡುಮೇ ನಲ್ಲ ಪೀಸು ಸಾರ್" ಎಂದ. ಎರಡೂ ಒಳ್ಳೆಯದೇ ಎಂಬ ಮಾತನ್ನು ಮೂವತ್ತನಾಲ್ಕು ವರ್ಷ ಮರದ ವ್ಯಾಪಾರಿಗಳ ಬಾಯಿಂದ ಕೇಳಿ ಕೇಳಿ, ಅದು ಕಿವಿಗೆ ಬಿದ್ದೊಡನೆ ನನಗೆ ಸಂಶಯ ಹುಟ್ಟುತ್ತದೆ.

ಬೀಟೆ ನನಗೆ ಹಳೆಯ ಪರಿಚಯ. ದೊಡ್ಡ ಅಧಿಕಾರಿಗಳ ಬೋಗಿಗಳಿಗೆ ಹಿಂದೆ ಅದನ್ನು ಬಳಸುತ್ತಿದ್ದರು. ಕಪ್ಪುಕೆಂಪು ಬಣ್ಣ, ಗರಗಸ ಆಡಿದರೆ ಸಿಹಿ ವಾಸನೆ, ಒಳ್ಳೆಯ ಮನೆತನದ ಗಂಭೀರ ಮನುಷ್ಯನ ಹಾಗೆ. ಈ ಹಲಗೆಗೆ ಮೆರುಗೆಣ್ಣೆ ಹಾಕಿರಲಿಲ್ಲ. ಬೆರಳಿಟ್ಟರೆ ಮರವೇ ಬೆರಳಿಗೆ ತಾಕುತ್ತಿತ್ತು, ಕಣ್ಣಿಗೆ ಕಾಣದಷ್ಟು ಸಣ್ಣ ರಂಧ್ರಗಳ ಸಮೇತ. ಮೇಪಲ್ಲನ್ನು ಮಾತ್ರ ಸೇವೆಯಲ್ಲಿದ್ದಷ್ಟು ಕಾಲ ಒಂದು ಸಲವೂ ಕಂಡವನಲ್ಲ. ಕೆನಡಾದಲ್ಲೋ ಎಲ್ಲೋ ಬೆಳೆಯುವುದಂತೆ. ಹಾಲುಕೋವದ ಬಣ್ಣ, ಮೇಲೆ ಗಾಜಿನಂಥ ಮೆರುಗು. ಅದರ ಮೇಲೆ ನನ್ನ ಬೆರಳು ಜಾರಿತು. ಪರಿಚಯವಿಲ್ಲದ ಮನೆಗೆ ಹೋದಾಗ ನೆಲ ಬಹಳ ಚೊಕ್ಕಟವಾಗಿದ್ದರೆ ಕಾಲಿಡಲು ಹಿಂಜರಿಕೆಯಾಗುತ್ತದಲ್ಲ, ಹಾಗೆ. ಮೇಪಲ್ ಆದರೆ ಸದ್ದು ಕಡ್ಡಿ ಮುರಿದ ಹಾಗೆ, ಬೀಟೆಯಾದರೆ ಕಂಬಳಿ ಹೊದ್ದ ಹಾಗೆ ಎಂದು ಸಂಪತ್ ಹೇಳಿದ. ತಂತಿ ಮೀಟಿದೆ. ಹೌದೆನ್ನಿಸಿತು. ಈಗ ಕಣ್ಣು ಮುಚ್ಚಿಕೊಳ್ಳಿ ಎಂದು ಅವನೇ ಒಂದೊಂದಾಗಿ ಮೀಟಿ ಯಾವುದು ಹೇಳಿ ಎಂದ. ಹತ್ತು ಸಲದಲ್ಲಿ ಐದು ಸಲ ಸರಿ ಹೇಳಿದೆ. ಕಿವುಡನನ್ನು ಕೂರಿಸಿದ್ದರೂ ಅಷ್ಟೇ ಬರುತ್ತಿತ್ತು.

ಹಾಗಾದರೆ ಕೈಗೆ ಸಿಕ್ಕಿದ್ದನ್ನು ಎತ್ತಿಕೊಂಡು ಬರಬಹುದಿತ್ತಲ್ಲ ಎಂದರೆ, ಅಲ್ಲೇ ಇರುವುದು ತೊಡಕು. ನಮ್ಮ ಅಂಗಳದಲ್ಲಿ ಒಬ್ಬನ ಕಣ್ಣನ್ನು ನಂಬುವ ಪದ್ಧತಿಯಿರಲಿಲ್ಲ. ನಾನು ನೋಡಿ ಸಹಿ ಹಾಕಿದ ಮೇಲೆ ಇನ್ನೊಬ್ಬರು ಬೇರೆಯಾಗಿ ನೋಡಿ ಎರಡನೆಯ ಸಹಿ ಹಾಕಬೇಕು. ಎರಡು ಸಹಿಯಿಲ್ಲದ ಹಲಗೆ ಒಳಗೆ ಹೋಗುವಂತಿಲ್ಲ. ಮದುವೆಯಾದ ಮೇಲೆ ಈ ಪದ್ಧತಿಯನ್ನು ನಾನು ಮನೆಗೂ ತಂದೆ. ಮಂಚವಾಗಲಿ, ಮಿಕ್ಸಿಯಾಗಲಿ, ಕೊಡೆಯಾಗಲಿ, ನಾನು ಪರೀಕ್ಷಿಸಿದ ಮೇಲೆ ಶಾರದೆ ಪರೀಕ್ಷಿಸುವಳು. ಅವಳ ಸಹಿ ಬಾಯಲ್ಲೇ. "ಪರವಾಯಿಲ್ಲೆ, ತೊಗೊಳ್ಳಿ" ಎಂದರೆ ಗೀಟು. "ಇದು ವೇಂಡಾಂ ರೀ, ನೋಡಿದ್ರೇನೇ ತಲೆನೋವು ಬರತ್ತೆ" ಎಂದರೆ ಕತ್ತರಿ. ನಾನು ಒಂದು ಗಂಟೆ ತಟ್ಟಿ ನೋಡಿದ್ದನ್ನು ಅವಳು ಬಾಗಿಲಲ್ಲೇ ನಿಂತು ಮುಗಿಸುತ್ತಿದ್ದಳು, ತಪ್ಪಿದ್ದೂ ಕಡಿಮೆ. ಅವಳು ಹೋದ ಮೇಲೆ ಮನೆಗೆ ಹೊಸ ವಸ್ತು ಒಂದೂ ಬಂದಿರಲಿಲ್ಲ. ಹಳೆಯ ಕೊಡೆಯ ಎರಡು ಕಡ್ಡಿ ಮುರಿದಿದ್ದವು. ಅಂಗಡಿಯವರೆಗೆ ಹೋಗಿ ಹೊಸ ಕೊಡೆಯನ್ನು ಬಿಚ್ಚಿ ಮುಚ್ಚಿ ವಾಪಸು ಬಂದಿದ್ದೆ. ಈಗಲೂ ಅವಳಾಗಿದ್ದರೆ ಏನೆನ್ನುತ್ತಿದ್ದಳು ಎಂದು ಊಹಿಸಲು ನೋಡಿದೆ. ಬಿಳಿ ಬೇಡ, ಕೊಳೆ ಕಾಣತ್ತೆ ಎನ್ನುತ್ತಿದ್ದಳು. ಕಪ್ಪು ಬೇಡ, ಕೊಳೆ ಆದ್ರೂ ಗೊತ್ತಾಗಲ್ಲ ಎಂದೂ ಅವಳೇ ಎನ್ನುತ್ತಿದ್ದಳು. ಎರಡೂ ಅವಳ ದನಿಯಲ್ಲೇ ಕೇಳಿಸಿತು. ಇಲ್ಲದವರ ಸಹಿಯನ್ನು ನಾವೇ ಹಾಕಿಕೊಳ್ಳುವುದಕ್ಕೆ ನಮ್ಮ ಇಲಾಖೆಯಲ್ಲಿ ಬೇರೆ ಹೆಸರಿದೆ, ಅದಕ್ಕೆ ನೌಕರಿ ಹೋಗುತ್ತದೆ.

ಎರಡನೆಯ ಸಹಿಗಾಗಿ ಬ್ರೌಸಿಂಗ್ ಸೆಂಟರಿಗೂ ಹೋದೆ. ಅಲ್ಲಿನ ಹೆಂಗಸು ನನ್ನನ್ನು ಒಂದು ಕಂಪ್ಯೂಟರಿನ ಮುಂದೆ ಕೂರಿಸಿ, ಬೇಕಾದ್ದನ್ನು ಹುಡುಕಿಕೊಟ್ಟಳು. ಜಗತ್ತಿನ ಎಲ್ಲೆಲ್ಲಿಯವರೋ ಒಂದು ಜಾಗದಲ್ಲಿ ಸೇರಿ ಮೇಪಲ್ ಮೇಲೋ ಬೀಟೆ ಮೇಲೋ ಎಂದು ವರ್ಷಗಟ್ಟಲೆಯಿಂದ ಜಗಳವಾಡುತ್ತಿದ್ದರು. ಒಬ್ಬ ಮೇಪಲ್ ಚುರುಕು ಎಂದರೆ ಇನ್ನೊಬ್ಬ ಬೀಟೆ ಬೆಚ್ಚಗೆ ಎಂದಿದ್ದ. ವ್ಯತ್ಯಾಸವೆಲ್ಲ ನಿಮ್ಮ ತಲೆಯೊಳಗೆ ಎಂದು ಮೂರನೆಯವನು. ಮೂರನೆಯವನಿಗೆ ಕಿವಿಯಿಲ್ಲ ಎಂದು ನಾಲ್ಕನೆಯವನು. ಎರಡು ಗಂಟೆ ಓದಿದೆ. ಇಷ್ಟು ಜನರ ಮಾತು ಒಟ್ಟಿಗೆ ಕೇಳಿ ಬಹಳ ದಿನವಾಗಿತ್ತು. ನಾನೂ ಮಾನ್ಯರೇ ಎಂದು ಪ್ರಾರಂಭಿಸಿ, ನನ್ನ ಸೇವಾವಧಿ, ಪೆರಂಬೂರಿನ ಹವೆ, ಎರಡೂ ಬೇಸುಗಳ ವಿವರ ಎಲ್ಲವನ್ನೂ ಬರೆದು, ತಮ್ಮ ವಿಶ್ವಾಸಿ ಎಂದು ಮುಗಿಸಿ ಕಳಿಸಿದೆ. ನಾಲ್ಕು ದಿನ ಬೆಳಿಗ್ಗೆ ಹತ್ತಕ್ಕೆ ಹೋಗಿ ಉತ್ತರ ಬಂದಿದೆಯೇ ಎಂದು ನೋಡಿದೆ. ನಾಲ್ಕನೆಯ ದಿನ ಬಂದಿತ್ತು. ಅದು ಸಂದರ್ಭಕ್ಕೆ ತಕ್ಕ ಹಾಗೆ ಎಂದು ಒಂದೇ ಸಾಲು. ಆದರೂ ಅದನ್ನು ಪ್ರಿಂಟು ಹಾಕಿಸಿಕೊಂಡು ಬಂದೆ.

ಎರಡನೆಯ ಶನಿವಾರ ನಾಲ್ಕಕ್ಕೆ ಅಂಗಡಿಗೆ ಹೋದಾಗ ಸಂಪತ್ ಏನೂ ಕೇಳದೆ ಎರಡನ್ನೂ ತೆಗೆದು ಇಟ್ಟ. ಸ್ಟೂಲು ಎಳೆದು ಕೊಟ್ಟ. ನಾನು ನುಡಿಸಿದೆ, ಅವನು ಬೇರೆಯವರಿಗೆ ತಂತಿ, ಪೀಪಿ, ಹಾರ್ಮೋನಿಯಂ ಮಾರಿದ. ನಡುವೆ ಒಂದು ಸಲ ಚಹಾ ತರಿಸಿದ. ಕೋಡಂಬಾಕ್ಕಂ ಸಿನಿಮಾ ಸ್ಟುಡಿಯೋಗಳಲ್ಲಿ ಹಿಂದೆ ನಲವತ್ತು ಜನ ಕೂತು ನುಡಿಸುತ್ತಿದ್ದರು, ಈಗ ಒಬ್ಬ ಕಂಪ್ಯೂಟರ್ ಇಟ್ಟುಕೊಂಡು ನಲವತ್ತೂ ಅವನೇ ಆಗುತ್ತಾನೆ, ಆ ನಲವತ್ತು ಜನರಲ್ಲಿ ಕೆಲವರು ವಾದ್ಯ ಮಾರಲು ಇಲ್ಲಿಗೆ ಬರುತ್ತಾರೆ ಎಂದು ಹೇಳಿದ. ಹಾಗೆ ಬಂದವರಿಗೆಲ್ಲ ಚಹಾ ಕೊಡುತ್ತೀರಾ ಎಂದೆ. "ವಾಂಗ ವಂದವಂಗಳುಕ್ಕು ಕಮ್ಮಿ ಸಾರ್, ವಿಕ್ಕ ವಂದವಂಗಳುಕ್ಕುದಾನ್" ಎಂದ. ಕೊಳ್ಳಲು ಬಂದವರಿಗೆ ಕಡಿಮೆ, ಮಾರಲು ಬಂದವರಿಗೇ ಚಹಾ. ನಾನು ಕೊಳ್ಳಲು ಬಂದವನೆಂಬುದನ್ನು ಅವನಿಗೆ ಜ್ಞಾಪಿಸಿದೆ. "ತೆರಿಯುಂ ಸಾರ್" ಎಂದು, ಗೊತ್ತಿದೆ ಎಂಬಂತೆ ತಲೆಯಾಡಿಸಿದ. ಆರಕ್ಕೆ ಎದ್ದೆ. ತೀರ್ಮಾನವಾಗಿರಲಿಲ್ಲ. ನಿಜ ಹೇಳಬೇಕೆಂದರೆ, ಆಗದಿದ್ದುದಕ್ಕೆ ಬೇಸರವೂ ಆಗಿರಲಿಲ್ಲ. ಬಸ್ಸಿನಲ್ಲಿ ಕುಳಿತು ಯೋಚಿಸಿದಾಗ ಕಾರಣ ಹೊಳೆಯಿತು. ಬೇಸ್ ಕೊಂಡುಬಿಟ್ಟರೆ ಸಂಪತ್‌ನ ಅಂಗಡಿಗೆ ಹೋಗಲು ನೆಪವಿಲ್ಲ. ಶೋಳಿಂಗನಲ್ಲೂರಿನ ಮಕ್ಕಳು ನನ್ನನ್ನು ನೋಡಿ ಬೇಡವೆಂದರೆ ಅದೂ ಇಲ್ಲ. ಕೈಯಲ್ಲಿರುವ ಎರಡು ಶನಿವಾರಗಳನ್ನು ಪಣಕ್ಕಿಟ್ಟು ಕೈಯಲ್ಲಿಲ್ಲದ ಶನಿವಾರಗಳನ್ನು ಗೆಲ್ಲುವ ಆಟ ಅದು. ಇಂಥ ಆಟ ನನಗೆ ಅಭ್ಯಾಸವಿಲ್ಲ.

ಮೂರನೆಯ ಶನಿವಾರ ಹೋಗುವಾಗ ಗಟ್ಟಿ ಮನಸ್ಸು ಮಾಡಿದ್ದೆ. ಇವತ್ತು ಕೊಳ್ಳದಿದ್ದರೆ ಮುಂದಿನ ವಾರ ಆ ಎಡಗೈ ಗೆಲ್ಲುತ್ತದೆ. ಸಂಗೀತಗಾರನ ಹಾಗೆ ನೋಡಿದ್ದರಿಂದಲೇ ಇಷ್ಟು ತೊಂದರೆಯಾಯಿತು, ಪರೀಕ್ಷಕನ ಹಾಗೆ ನೋಡಿ ಮುಗಿಸಿಬಿಡೋಣ ಎಂದುಕೊಂಡು ಎರಡನ್ನೂ ಬಾಗಿಲ ಬೆಳಕಿಗೆ ತಂದು ಪಕ್ಕಪಕ್ಕ ಮಲಗಿಸಿದೆ. ತಟ್ಟಿದೆ. ಮೂಸಿದೆ. ಅಂಚಿಗೆ ಕಣ್ಣಿಟ್ಟೆ. ಉಗುರಿನಿಂದ ಎಳೆ ಹಿಡಿದು ಹೋದೆ. ಮೇಪಲ್ಲಿನ ಎಳೆ ಕೊನೆಯವರೆಗೂ ನೇರವಾಗಿತ್ತು. ಬೀಟೆಯ ಎಳೆ, ವೀಣೆಗಿರುವಂಥ ಲೋಹದ ಮೆಟ್ಟುಗಳನ್ನು ಎಣಿಸಿಕೊಂಡು ಹೋದರೆ ಹನ್ನೆರಡನೆಯ ಮೆಟ್ಟಿನ ಹತ್ತಿರ ಒಂದು ನೂಲಿನಷ್ಟು ಓರೆಯಾಗಿತ್ತು. ಆಮೇಲೆ ಏನಾಯಿತೆಂಬುದು ನನಗೂ ಸರಿಯಾಗಿ ಗೊತ್ತಿಲ್ಲ. ಜೇಬಿನಲ್ಲಿ ಡಬ್ಬಿಗಳಿಗೆಂದು ಇಟ್ಟುಕೊಂಡಿದ್ದ ಸೀಮೆಸುಣ್ಣ ಕೈಗೆ ಬಂದಿತ್ತು. ಮೇಪಲ್ಲಿನ ಮೇಲೆ ತಂತಿಗಳ ನಡುವೆ ಒಂದು ಗೀಟು. ಬೀಟೆಯ ಮೇಲೆ ತಂತಿಗಳ ನಡುವೆ, ಒತ್ತಿ, ಒಂದು ಕತ್ತರಿ.

ಸಂಪತ್ ಹಾರ್ಮೋನಿಯಮ್ಮಿನ ಗಿರಾಕಿಯನ್ನು ಅಲ್ಲೇ ಬಿಟ್ಟು ಬಂದ. "ಎನ್ನ ಸಾರ್ ಪಣ್ಣೀಟೀಂಗ" ಎಂದ. ಏನು ಮಾಡಿಬಿಟ್ಟಿರಿ ಎಂಬ ಆ ಮಾತಿನಲ್ಲಿ ಕೋಪವಿರಲಿಲ್ಲ, ಅದಕ್ಕೇ ನನಗೆ ಹೆಚ್ಚು ನಾಚಿಕೆಯಾಯಿತು. ಬಟ್ಟೆ ತಂದು ಒರೆಸಿದ. ಮೇಪಲ್ಲಿನ ಗಾಜಿನಂಥ ಮೆರುಗಿನ ಮೇಲಿದ್ದ ಗೀಟು ಒಂದೇ ಸಲಕ್ಕೆ ಹೋಯಿತು. ಬೀಟೆಯ ಕತ್ತರಿ ಹೋಗಲಿಲ್ಲ. ಮೆರುಗೆಣ್ಣೆಯಿಲ್ಲದ ಮರ, ಸುಣ್ಣವೆಲ್ಲ ರಂಧ್ರಗಳೊಳಗೆ ಇಳಿದು ಕೂತಿತ್ತು. ಒದ್ದೆ ಬಟ್ಟೆಯಲ್ಲಿ ಉಜ್ಜಿದಷ್ಟೂ ಇನ್ನೂ ಒಳಕ್ಕೆ ಹೋಯಿತು. ಮೊದಲು ಕತ್ತರಿಯಂತಿದ್ದದ್ದು ಕೊನೆಗೆ ಯಾರೋ ವಿಭೂತಿ ಹಚ್ಚಿದಂತಾಯಿತು. ತೆರೆದ ಎಳೆಯ ಮರದ ಮೇಲೆ ಸೀಮೆಸುಣ್ಣ ಒತ್ತಿ ಬರೆದರೆ ಹೋಗುವುದಿಲ್ಲ ಎಂಬುದನ್ನು ಕೆಲಸಕ್ಕೆ ಹೊಸದಾಗಿ ಸೇರಿದವರಿಗೆ ಮೊದಲ ದಿನ ಹೇಳಿಕೊಡುತ್ತಿದ್ದವನು ನಾನೇ.

"ಇದನ್ನ ಇನ್ನು ಯಾರು ಸಾರ್ ತಗೋತಾರೆ" ಎಂದು ಸಂಪತ್ ತಮಿಳಿನಲ್ಲಿ ಮೆಲ್ಲಗೆ ಹೇಳಿದ. ಹೇಳಿ, ನೀವು ಮೇಪಲ್ಲನ್ನೇ ಒಯ್ಯಿರಿ, ಇದನ್ನು ನಾನು ಹೇಗಾದರೂ ಮಾಡುತ್ತೇನೆ ಎಂದೂ ಹೇಳಿದ. ಒಳ್ಳೆಯ ಮನುಷ್ಯ. ನನ್ನ ಕೈ ಅಷ್ಟು ಹೊತ್ತಿಗೆ ತೀರ್ಮಾನ ಕೊಟ್ಟಾಗಿತ್ತು, ಮೇಪಲ್ಲೇ ಪಾಸು. ಆದರೆ ಪಾಸಾದದ್ದನ್ನು ಯಾರು ಬೇಕಾದರೂ ಕೊಳ್ಳುತ್ತಾರೆ. ನಾನು ಕತ್ತರಿ ಹಾಕಿದ್ದಕ್ಕೆ ನಾನೊಬ್ಬನೇ ಗಿರಾಕಿ. ಸೇವೆಯಲ್ಲಿದ್ದಷ್ಟು ಕಾಲ ಕತ್ತರಿ ಗುರುತಿನ ಒಂದು ಹಲಗೆಯೂ ನನ್ನನ್ನು ದಾಟಿ ಒಳಗೆ ಹೋಗಿರಲಿಲ್ಲ. ಆ ಸಂಜೆ ಅಂಥದ್ದೊಂದನ್ನು ನಾನೇ ಹೆಗಲಿಗೆ ಹಾಕಿಕೊಂಡು ಪೆರಂಬೂರಿನ ಬಸ್ಸು ಹತ್ತಿದೆ. ಎರಡನೆಯ ಸಹಿ ಯಾರೂ ಹಾಕಲಿಲ್ಲ. ಮೊದಲನೆಯದೂ ಇರಲಿಲ್ಲ ಎಂದೇ ಹೇಳಬೇಕು.

ಮನೆಯಲ್ಲಿ ಧ್ವನಿವರ್ಧಕವಿಲ್ಲ, ಅದಿಲ್ಲದೆ ಈ ವಾದ್ಯ ಗಂಟಲು ಕಟ್ಟಿದವರ ಹಾಗೆ ಪಿಸುಗುಟ್ಟುತ್ತದೆ. ಭಾನುವಾರ ಮಧ್ಯಾಹ್ನ ಕುರ್ಚಿಯಲ್ಲಿ ಕುಳಿತು ನುಡಿಸುತ್ತಿದ್ದಾಗ ಅದರ ತುದಿ ಅಕಸ್ಮಾತ್ತಾಗಿ ಶಾರದೆಯ ಬೀರುವಿಗೆ ತಗುಲಿತು. ಬೀರು ಇಡೀ ಗುಂಯ್ ಎಂದಿತು. ಬೆಚ್ಚಿ ಕೈ ತೆಗೆದೆ. ಮತ್ತೆ ತಗುಲಿಸಿ ಮೀಟಿದೆ. ಬೀರು ಮತ್ತೆ ಹಾಡಿತು, ಒಳಗೆಲ್ಲೋ ಅವಳ ಬಳೆಯ ಡಬ್ಬಿ ಸಣ್ಣಗೆ ಅದುರಿತು. ಆ ಬೀರು ತೇಗದ್ದು, ನಾನು ಪರೀಕ್ಷಿಸಿ ಅವಳು ಪರವಾಯಿಲ್ಲೆ ಎಂದದ್ದು. ಆ ವಾರವೆಲ್ಲ ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಬೀರುವಿಗೆ ಒರಗಿಸಿಯೇ ಅಭ್ಯಾಸ ಮಾಡಿದೆ. ಒಂದು ದಿನ ನಾಲ್ಕಾದದ್ದು ಗೊತ್ತಾಗಲಿಲ್ಲ, ತರಕಾರಿಗೆ ಹೋಗುವುದು ತಪ್ಪಿತು. ಮೇಪಲ್ಲಾಗಿದ್ದರೆ ಬೇರೆ ಥರ ಕೇಳಿಸುತ್ತಿತ್ತೋ ಏನೋ ಎಂದು ಆ ವಾರ ಒಂದು ಸಲವೂ ಯೋಚಿಸಲಿಲ್ಲ.

ನಾಲ್ಕನೆಯ ಶನಿವಾರ ಒಂದೂವರೆಗೆ ಮನೆ ಬಿಟ್ಟೆ. ರೈಲು, ಆಮೇಲೆ ಬಸ್ಸು, ಆಮೇಲೆ ಇನ್ನೊಂದು ಬಸ್ಸು. ಮೂರೂ ಐವತ್ತಕ್ಕೆ ಶೋಳಿಂಗನಲ್ಲೂರಿನ ಆ ಮನೆಯ ಮಹಡಿಗೆ ತಲುಪಿದೆ. ಬೀಗ ಹಾಕಿತ್ತು. ಮೆಟ್ಟಿಲ ಮೇಲೆ ಕುಳಿತೆ. ಎದುರಿಗೆ ಹೊಸ ರಸ್ತೆ, ಅದರಾಚೆ ಗಾಜಿನ ಕಟ್ಟಡಗಳು, ಕಂಪನಿಯ ಕ್ಯಾಬುಗಳು ಒಂದರ ಹಿಂದೊಂದು. ನಾಲ್ಕಾಯಿತು, ನಾಲ್ಕೂವರೆಯಾಯಿತು. ಬೇಡವೆಂದು ತೀರ್ಮಾನಿಸಿ ಹೇಳಲು ಮರೆತಿರಬಹುದು ಎಂದುಕೊಂಡು ಎದ್ದು, ಕೆಳಗಿನವರೆಗೂ ಹೋಗಿ, ಮತ್ತೆ ಹತ್ತಿ ಬಂದು ಕುಳಿತೆ. ಐದು ಗಂಟೆಗೆ ಸ್ಕೂಟರುಗಳ ಸದ್ದಾಯಿತು. "ಅಯ್ಯೋ ಅಂಕಲ್, ನಾಲ್ಕಕ್ಕೇ ಬಂದ್ಬಿಟ್ರಾ?" ಎಂದಳು ಮುಂದೆ ಬಂದ ಹುಡುಗಿ. ಅವಳೇ ವಿದ್ಯಾ. ಹಿಂದೆ ಉದ್ದ ಕೂದಲಿನ ಗಿರೀಶ, ಡ್ರಮ್ಮಿನವನು. ಅವನ ಹಿಂದೆ ಮಾತಿಲ್ಲದ ಒಬ್ಬ ತಮಿಳು ಹುಡುಗ. ನಾನು ಮೊದಲು ಅವನ ಎಡಗೈ ನೋಡಿದೆ. ಸಾಧಾರಣ ಕೈ.

ಬೀಟೆಯನ್ನೇ ಏಕೆ ಆರಿಸಿದಿರಿ ಎಂದು ಕೇಳಿದರೆ ಏನು ಹೇಳಬೇಕು, ಆ ಬಿಳಿಯ ಕಲೆ ಏನೆಂದರೆ ಏನು ಹೇಳಬೇಕು ಎಂದು ಎರಡಕ್ಕೂ ಉತ್ತರ ಬರೆದು ಬಾಯಿಪಾಠ ಮಾಡಿಕೊಂಡು ಹೋಗಿದ್ದೆ. ಯಾರೂ ಕೇಳಲಿಲ್ಲ. ಅವರು ವಾದ್ಯವನ್ನೇ ನೋಡಲಿಲ್ಲ. ವಿದ್ಯಾ ಫೋನಿನಲ್ಲಿ ಹೇಳಿದ್ದ ಮೂರು ಹಾಡು ನುಡಿಸಿದೆವು. ಒಂದು ಸ್ವರ ತಪ್ಪಲಿಲ್ಲ, ಒಂದು ಪೆಟ್ಟು ತಪ್ಪಲಿಲ್ಲ. ಮುಗಿದ ಮೇಲೆ ವಿದ್ಯಾ ಗಿರೀಶನ ಮುಖ ನೋಡಿದಳು, ಗಿರೀಶ ಡ್ರಮ್ಮಿನ ಕಡ್ಡಿಯಿಂದ ಬೆನ್ನು ತುರಿಸಿಕೊಂಡ.

"ತಪ್ಪಾಯ್ತಾ?" ಎಂದೆ.

"ತಪ್ಪೇನಿಲ್ಲ ಅಂಕಲ್. ಅದೇ ಪ್ರಾಬ್ಲಮ್ಮು" ಎಂದ ಗಿರೀಶ.

"ನೀವು ಬೀಟ್ ಮೇಲೇ ಕೂತ್ಬಿಡ್ತೀರ ಅಂಕಲ್" ಎಂದಳು ವಿದ್ಯಾ. "ಚೂರು ಹಿಂದೆ ಬರ್ಬೇಕು. ಒಂಚೂರು ಲೇಟಾಗಿ. ಆಗ ಹಾಡು ಆರಾಮಾಗಿ ಕೂರತ್ತೆ."

"ಎಷ್ಟು ಲೇಟು?"

"ಒಂಚೂರು."

"ಒಂಚೂರು ಅಂದ್ರೆ?"

ಗಿರೀಶ ಯೋಚಿಸಿದ. "ಬಸ್ಸು ಹೊರಟ ಮೇಲೆ ಎರಡು ಹೆಜ್ಜೆ ಓಡಿ ಹತ್ತಲ್ವಾ ಅಂಕಲ್, ಆ ಥರ."

"ನಾನು ಹಾಗೆ ಹತ್ತಿಲ್ಲಪ್ಪ" ಎಂದೆ.

"ಯಾವತ್ತೂ?"

"ಯಾವತ್ತೂ."

ವಿದ್ಯಾ ನಕ್ಕಳು. ಗಿರೀಶನೂ ನಕ್ಕ. "ಪರವಾಗಿಲ್ಲ ಬಿಡಿ, ಇನ್ನೂ ಎರಡು ವಾರ ಇದೆ, ಕಲಿಸ್ತೀವಿ. ಮುಂದಿನ ಶನಿವಾರ ಬರ್ತೀರಲ್ಲ?" ಎಂದಳು. ಬರುತ್ತೇನೆ ಎಂದೆ. ತಮಿಳು ಹುಡುಗ ಎಡಗೈಯನ್ನು ಜೇಬಿಗೆ ಹಾಕಿಕೊಂಡು, ಬಲಗೈಯಲ್ಲಿ ನನಗೊಂದು ಲೋಟ ಚಹಾ ಕೊಟ್ಟ.

ಹೀಗಾಗಿ ಈಗ ನಾನು ತಡಮಾಡುವುದನ್ನು ಅಭ್ಯಾಸ ಮಾಡುತ್ತಿದ್ದೇನೆ. ಗೋಡೆ ಗಡಿಯಾರದ ಟಿಕ್ಕಿಗೆ ಸರಿಯಾಗಿ ಮೀಟದೆ, ಅದು ಆದ ಮೇಲೆ ಒಂಚೂರು ಬಿಟ್ಟು ಮೀಟಬೇಕು. ಮೊದಲ ಎರಡು ದಿನ ಬೆರಳು ಒಪ್ಪಲೇ ಇಲ್ಲ. ಮೂರನೆಯ ದಿನ ತಡವಾಯಿತು, ಆದರೆ ಪ್ರತಿ ಸಲವೂ ಒಂದೇ ಅಳತೆಯಲ್ಲಿ ತಡವಾಯಿತು. ಇದು ಲೇಟಲ್ಲ ಅಂಕಲ್, ಹೊಸ ಟೈಮ್ ಟೇಬಲ್ಲು ಎಂದು ಗಿರೀಶ ಅನ್ನದೆ ಬಿಡುವುದಿಲ್ಲ. ಆದರೂ ಬಿಟ್ಟಿಲ್ಲ, ದಿನವೂ ಬೆಳಿಗ್ಗೆ ಆರಕ್ಕೆ ಸರಿಯಾಗಿ ಈ ಅಭ್ಯಾಸಕ್ಕೆ ಕೂರುತ್ತೇನೆ. ಬಹುಶಃ ತೊಂದರೆ ಇರುವುದು ಅಲ್ಲೇ ಎನ್ನಿಸಿ ನಿನ್ನೆ ಆರು ಗಂಟೆ ಎರಡು ನಿಮಿಷಕ್ಕೆ ಕೂತು ನೋಡೋಣ ಎಂದುಕೊಂಡೆ. ಆ ಎರಡು ನಿಮಿಷ ಏನು ಮಾಡುವುದೆಂದು ತಿಳಿಯದೆ, ಬೇಸನ್ನು ಹೆಗಲಿಗೆ ಹಾಕಿಕೊಂಡು ಗಡಿಯಾರದ ಎದುರಿಗೆ ನಿಂತೇ ಇದ್ದೆ.